ಹೊರಗೆ ಏನು, ಒಳಗೆ ಏನು

"ನೀವು ಅವಳಿಗೆ ಓದ್ಲಿಕ್ಕೆ ಕಲಿಸದೆ ಇದ್ದಿದ್ರೆ ಇವರ ಗಂಟಲು ಸುಡ್ತಿರ್ಲಿಲ್ಲ ಟೀಚರೇ."

ಕಾವೇರಮ್ಮ ಇದನ್ನು ಜೋರು ಮಾಡಿ ಹೇಳಲಿಲ್ಲ. ಅಂಗನವಾಡಿಯ ಮೆಟ್ಟಿಲಲ್ಲಿ ಕೂತು, ಮೊಮ್ಮಗಳು ವಿಸ್ಮಿತಾಳ ಚಪ್ಪಲಿಯ ಪಟ್ಟಿ ಬಿಚ್ಚುತ್ತಾ, ಆ ಚಪ್ಪಲಿಗೇ ಹೇಳಿದ ಹಾಗೆ ಹೇಳಿದರು. ಇವರು ಅಂದರೆ ಅವರ ಗಂಡ ಕುಶಾಲಪ್ಪ ಗೌಡರು. ಗೌಡರು ಆಸ್ಪತ್ರೆಯಿಂದ ಮನೆಗೆ ಬಂದು ಅವತ್ತಿಗೆ ನಾಲ್ಕು ದಿನ. ಅದಕ್ಕೆ ಮೊದಲು ಹನ್ನೊಂದು ದಿನ ಆಸ್ಪತ್ರೆ. ಅಷ್ಟು ದಿನ ಮನೆಯಲ್ಲೇ ಇದ್ದ ಮಗುವನ್ನು ಕಾವೇರಮ್ಮ ಮೊದಲ ಸಲ ಕರೆದುಕೊಂಡು ಬಂದಿದ್ದರು.

"ಹಾಗೆ ಹೇಳ್ಬೇಡಿ ಕಾವೇರಮ್ಮ," ಎಂದೆ.

"ಮತ್ತೆ ಹೇಗೆ ಹೇಳುದು? ನಾಲ್ಕೂಮುಕ್ಕಾಲು ವರ್ಷ ಇವಳಿಗೆ. ಈ ಪ್ರಾಯದಲ್ಲಿ ಇವಳ ಅಪ್ಪ, ನಮ್ಮ ಅಶೋಕ, ಮಣ್ಣು ತಿಂತಿದ್ದ. ಒಂದಕ್ಷರ ಗೊತ್ತಿರ್ಲಿಲ್ಲ. ಯಾರಿಗಾದ್ರೂ ಎಂತಾದ್ರೂ ಆಯ್ತಾ? ಈಗ ಲಾರಿ ಬಿಡ್ತಾನೆ, ಸುಖದಲ್ಲಿದ್ದಾನೆ."

ಅವರು ಚಪ್ಪಲಿಯನ್ನು ಜೋಡಿಸಿ ಗೋಡೆಗೆ ತಾಗಿಸಿಟ್ಟು, ಒಳಗಿನ ಗೋಡೆಯ ಕಡೆ ಕೈ ತೋರಿಸಿದರು. "ಆ ಕಸದ ಮಾಲೆ ಉಂಟಲ್ಲ, ಅದನ್ನು ತೆಗೆಯಿರಿ. ಊಟ ಕೊಡಿ, ಮೊಟ್ಟೆ ಕೊಡಿ, ಪದ್ಯ ಹೇಳಿಸಿ. ಇವಳನ್ನು ಓದಿಸ್ಬೇಡಿ."

ವಿಸ್ಮಿತಾ ಒಳಗೆ ಹೋಗಿ ತನ್ನ ಚಾಪೆಯಲ್ಲಿ ಕೂತಳು. ಮೊದಲಾದರೆ ಆ ಗೋಡೆಗೆ ಎದುರಾಗಿ ಕೂರುತ್ತಿದ್ದಳು. ಅವತ್ತು ಬೆನ್ನು ಹಾಕಿ ಕೂತಳು.

ಆ ಮಾಲೆಯ ವಿಷಯ ಹೇಳಬೇಕು. ನಮ್ಮದು ಮೂಡಬಿದಿರೆಯಿಂದ ವೇಣೂರಿಗೆ ಹೋಗುವ ದಾರಿಯಲ್ಲಿ, ಬೆಳ್ತಂಗಡಿ ತಾಲೂಕು ಶುರುವಾದ ಮೇಲೆ ಸಿಗುವ ಸಣ್ಣ ಅಂಗನವಾಡಿ. ಹದಿನೇಳು ಮಕ್ಕಳು, ನಾನು ಮೋಹಿನಿ ಟೀಚರ್, ಸಹಾಯಕಿ ಕಾಂತಿ. ಇಲಾಖೆ ಕೊಟ್ಟ ಅಕ್ಷರದ ಚಾರ್ಟುಗಳನ್ನು ಎರಡು ವರ್ಷದ ಹಿಂದೆ ಗೆದ್ದಲು ತಿಂದಿತ್ತು. ಹೊಸದು ಕೇಳಿದರೆ ಬರುತ್ತದೆ ಅಂದರು. ಬರುತ್ತದೆ ಅನ್ನುವುದು ಬಂದ ಹಾಗಲ್ಲ. ನಾನು ಅಕ್ಷರ ಕಲಿತದ್ದು ಅಂಗಡಿಯವರು ಬೆಲ್ಲ ಕಟ್ಟಿ ಕೊಡುತ್ತಿದ್ದ ಪೇಪರಿನ ತುಂಡುಗಳಲ್ಲಿ. ಅಮ್ಮ ಬೀಡಿ ಸುರುಟುವಾಗ ಪಕ್ಕದಲ್ಲಿ ಕೂತು, ಅಂಟಿದ ಬೆಲ್ಲ ನೆಕ್ಕಿ, ಅದರಡಿಯ ಅಕ್ಷರ ನೋಡುತ್ತಿದ್ದೆ. ಹಾಗಾಗಿ ನನಗೆ ಇದು ಹೊಸತಲ್ಲ. ಜೂನ್ ತಿಂಗಳಲ್ಲಿ ಮಕ್ಕಳಿಗೆ ಹೇಳಿದೆ, ಮನೆಯಲ್ಲಿ ಖಾಲಿಯಾದ ಸೋಪಿನ ಕವರು, ಉಪ್ಪಿನ ಪ್ಯಾಕೆಟ್, ಚಾಹುಡಿ, ಬೆಂಕಿಪೊಟ್ಟಣ, ಏನಿದ್ದರೂ ತನ್ನಿ ಅಂತ. ಒಂದು ವಾರದಲ್ಲಿ ಗೋಡೆಯ ಉದ್ದಕ್ಕೂ ಕಟ್ಟಿದ ಹಗ್ಗ ತುಂಬಿತು. ಬಟ್ಟೆಯ ಕ್ಲಿಪ್ಪು ಸಾಕಾಗದೆ ಕಾಂತಿ ತನ್ನ ಮನೆಯದ್ದು ತಂದಳು.

ಮಕ್ಕಳು ಮೊದಲು ಓದುವುದು ಅಕ್ಷರವನ್ನಲ್ಲ, ಬಣ್ಣವನ್ನು. ನಫೀಸಮ್ಮನ ಮೊಮ್ಮಗ ಇರ್ಷಾದನಿಗೆ ಬಿಸ್ಕತ್ತಿನ ಕವರು ತಲೆಕೆಳಗಾದರೂ ಬಿಸ್ಕತ್ತೇ. ಅದರ ಚಿತ್ರದ ಮೇಲೆ ಹೆಬ್ಬೆರಳು ಇಟ್ಟು, "ಈಗ ಇದು ಎಂತ ಹೇಳು" ಅಂದೆ. ಅವನು ಸರಿಯಾಗಿ ನೋಡಿ, "ಟೀಚರಿನ ಹೆಬ್ಬೆಟ್ಟು" ಅಂದ. ತಪ್ಪೇನೂ ಇಲ್ಲ.

ವಿಸ್ಮಿತಾ ಮಾತ್ರ ಬೆರಳಿನ ಪಕ್ಕದಲ್ಲಿ ಉಳಿದದ್ದನ್ನು ನೋಡುವ ಮಗು. ಅವಳ ಹೆಸರನ್ನು ತಟ್ಟೆಯ ಮೇಲೆ ಬರೆದು ಕೊಟ್ಟಿದ್ದೆ. ಅದರ ಮೊದಲ ಅಕ್ಷರವನ್ನು ಅವಳು ತನ್ನದೇ ಮಾಡಿಕೊಂಡಿದ್ದಳು. ಒಮ್ಮೆ ಕಾವೇರಮ್ಮ ಇವಳನ್ನು ಕರೆದುಕೊಂಡು ಕಲ್ಲಡ್ಕದ ತಂಗಿ ಮನೆಗೆ ಹೊರಟವರು, ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಬಸ್ಸು ಬದಲಿಸಲು ಇಳಿದಿದ್ದಾರೆ. ವಿಟ್ಲ, ಕನ್ಯಾನ ಅಂತ ಬೋರ್ಡು ಹಾಕಿದ, ಕಲ್ಲಡ್ಕದ ಮೇಲೆಯೇ ಹೋಗುವ ಬಸ್ಸು ಎದುರಿಗೆ ನಿಂತಿದೆ. ಇವಳು ಅಜ್ಜಿಯ ಕೈ ಬಿಟ್ಟು ಓಡಿ, "ನನ್ನ ವಿ, ನನ್ನ ವಿ" ಅಂತ ಆ ಬಸ್ಸಿಗೆ ಹತ್ತಿ ಕೂತಿದ್ದಾಳೆ. ಕಂಡಕ್ಟರ್ ನಕ್ಕು, "ಅಜ್ಜೀ, ಬಸ್ಸಿನ ಧಣಿ ಹತ್ತಿ ಆಯ್ತು, ನೀವೂ ಬನ್ನಿ" ಅಂದನಂತೆ. ಈ ಕಥೆಯನ್ನು ಕಾವೇರಮ್ಮ ನಾಲ್ಕು ಸಲವಾದರೂ ನನಗೆ ಹೇಳಿದ್ದಾರೆ. ಅವರಿಗೆ ಓದು ಬಾರದು. ಹೆಬ್ಬೆಟ್ಟು ಒತ್ತಿಯೇ ಜೀವನ ಕಳೆದವರು. ಮೊಮ್ಮಗಳು ಬಸ್ಸಿನ ಬೋರ್ಡು ಓದಿದ್ದು ಅವರಿಗೆ ದೊಡ್ಡ ಹಿಗ್ಗು.

ಕಿರಾಣಿ ಸಾಮಾನು ಬಂದ ದಿನ ನಾನು ಒಂದು ಆಟ ಆಡಿಸುತ್ತಿದ್ದೆ. ಪ್ಯಾಕೆಟ್ ಎತ್ತಿ ಹಿಡಿದು ಕೇಳುವುದು, "ಹೊರಗೆ ಏನು?" ಮಕ್ಕಳು, "ಉಪ್ಪು." "ಒಳಗೆ ಏನು?" "ಉಪ್ಪು." ಆಮೇಲೆ ಪ್ಯಾಕೆಟ್ ಬಿಡಿಸಿ ಒಬ್ಬೊಬ್ಬರ ನಾಲಿಗೆಗೂ ಒಂದು ಚಿಟಿಕೆ. ಉಪ್ಪಿಗೆ ಮುಖ ಕಿವುಚುವುದು, ಸಕ್ಕರೆಗೆ ಇನ್ನೊಮ್ಮೆ ಕೈ ಚಾಚುವುದು. ಹೊರಗೆ ಬರೆದದ್ದೇ ಒಳಗೆ ಇರುತ್ತದೆ, ಅದನ್ನು ನಾಲಿಗೆ ನೋಡಿ ಹೇಳುತ್ತದೆ. ಓದುವುದು ಅಂದರೆ ಇಷ್ಟೇ ಮಕ್ಕಳೇ ಅಂತ ನಾನೇ ಹೇಳಿದ್ದೆ. ಹಾಗೆ ಹೇಳಿ ಸಂಜೆ ಮನೆಗೆ ಹೋಗಿ, ನನ್ನ ಅಡಿಗೆಮನೆಯಲ್ಲಿ ಹಾರ್ಲಿಕ್ಸ್ ಬಾಟ್ಲಿಯಿಂದ ಹುಣಸೆಹುಳಿ ತೆಗೆದು ಸಾರು ಮಾಡುತ್ತಿದ್ದೆ. ಅದು ನನಗೆ ಒಂದು ದಿನವೂ ವಿಚಿತ್ರ ಅನಿಸಲಿಲ್ಲ.

ಒಂದು ದಿನ ಮಾತ್ರ ಅನಿಸಬೇಕಿತ್ತು. ಆಗಸ್ಟಿನಲ್ಲಿ ಮನೆ ಸರ್ವೆಗೆ ಹೋದಾಗ. ಕುಶಾಲಪ್ಪ ಗೌಡರ ಜಗಲಿಯಲ್ಲಿ ಕೂತು ಪುಸ್ತಕ ತುಂಬಿಸುತ್ತಿದ್ದೆ. ಕಾವೇರಮ್ಮ ನೀರು ಬೆಲ್ಲ ತಂದಿಟ್ಟಿದ್ದರು. ಗೌಡರು ಚೊಂಬನ್ನು ಒಂದು ಗೇಣು ಎತ್ತರದಿಂದ ಬಾಯಿಗೆ ಸುರಿದುಕೊಳ್ಳುತ್ತಿದ್ದರು. ಗಂಟಲಮಣಿ ಒಂದೇ ಸಮ ಏರಿಳಿಯುವುದು, ತುಟಿಗೆ ಒಂದು ಹನಿ ತಾಗುವುದಿಲ್ಲ. ವಿಸ್ಮಿತಾ ಅಜ್ಜನ ಹಾಗೆ ಮಾಡಲು ಹೋಗಿ ಅಂಗಿಯನ್ನೆಲ್ಲ ಒದ್ದೆ ಮಾಡಿಕೊಂಡಿದ್ದಳು.

"ಕಲಿ, ಕಲಿ," ಅಂದರು ಗೌಡರು. "ಬಾಯಿ ಹಾಕಿ ಕುಡಿಯುವುದು ಕರು. ಮನುಷ್ಯರು ಎಂಜಲು ಮಾಡ್ಲಿಕ್ಕಿಲ್ಲ."

ಅಷ್ಟರಲ್ಲಿ ವಿಸ್ಮಿತಾ ಒಳಗಿನಿಂದ ಒಂದು ಹಾರ್ಲಿಕ್ಸ್ ಬಾಟ್ಲಿ ಅಪ್ಪಿಕೊಂಡು ಬಂದಳು. ಟೀಚರಿಗೆ ತೋರಿಸಲು. ಹೊರಗೆ ಏನು ಅಂತ ಅವಳೇ ಕೇಳಿ, ಅವಳೇ ಹೇಳಿ, ಮುಚ್ಚಳ ತೆಗೆದಳು. ಒಳಗೆ ಸಾಸಿವೆ. ನಾವೆಲ್ಲ ನಕ್ಕೆವು. ಗೌಡರ ನಗೆ ಎಲ್ಲರದ್ದಕ್ಕಿಂತ ದೊಡ್ಡದು.

"ಈ ಮನೆಯಲ್ಲಿ ಹಾಗೆಯೇ ಮಗಾ," ಅಂದರು. "ಬಿಸ್ಕತ್ತಿನ ಡಬ್ಬಿ ತೆಗೆದ್ರೆ ಸೂಜಿನೂಲು. ಬೇಬಿ ಪೌಡರಿನ ಡಬ್ಬಿಯಲ್ಲಿ ಇರುವೆಗೆ ಹಾಕುವ ಹುಡಿ. ಯಾವುದರಲ್ಲಿ ಯಾವುದು ಅಂತ ನಮಗೆ ಗೊತ್ತುಂಟಲ್ಲ, ಸಾಕು."

ಮಗು ನಗಲಿಲ್ಲ. ನನ್ನ ಮುಖ ನೋಡಿತು. ನಾನು ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡು, ನಗುತ್ತಾ, ಮುಂದಿನ ಮನೆಗೆ ಹೋದೆ.

ಅವರಿಗೆ ನೂರಿಪ್ಪತ್ತು ರಬ್ಬರ್ ಮರ. ಬೆಳಗ್ಗೆ ಬೇಗ ಮರದ ತೊಗಟೆ ಗೀರಿ ಟ್ಯಾಪಿಂಗ್ ಮಾಡಿ, ಹತ್ತು ಗಂಟೆಗೆ ಅದರಿಂದ ಸುರಿದ ಹಾಲು ಒಟ್ಟು ಮಾಡಿ ತಂದು, ಶೆಡ್ಡಿನಲ್ಲಿ ತಟ್ಟೆಗಳಿಗೆ ಹೊಯ್ದು, ಅದಕ್ಕೆ ಆ್ಯಸಿಡ್ ಬೆರೆಸುತ್ತಾರೆ. ಹಾಲು ಹೆಪ್ಪುಗಟ್ಟಿದ ಮೇಲೆ ಮೆಷಿನ್ನಿಗೆ ಕೊಟ್ಟು ಒತ್ತಿದರೆ ರಬ್ಬರ್ ಶೀಟು. ಆ್ಯಸಿಡ್ ಬರುವುದು ದೊಡ್ಡ ಕ್ಯಾನಿನಲ್ಲಿ. ದಿನಾ ಅದನ್ನು ಎತ್ತಿ ಬಗ್ಗಿಸಲು ಆಗುವುದಿಲ್ಲ ಅಂತ ಎಲ್ಲ ಮನೆಗಳಲ್ಲೂ ಸ್ವಲ್ಪವನ್ನು ನೀರು ಬೆರೆಸಿ ಸಣ್ಣ ಬಾಟ್ಲಿಗೆ ಹಾಕಿಟ್ಟುಕೊಳ್ಳುತ್ತಾರೆ. ಯಾವ ಬಾಟ್ಲಿ ಅಂದರೆ, ಮನೆಯಲ್ಲಿ ಯಾವುದು ಖಾಲಿಯಾಗಿದೆಯೋ ಅದು. ಗೌಡರ ಮನೆಯಲ್ಲಿ ಆಗ ಖಾಲಿಯಾದದ್ದು ಕಲ್ಲಡ್ಕದ ತಂಗಿ ಕೊಟ್ಟ ಲಿಂಬೆ ಶರಬತ್ತಿನ ಬಾಟ್ಲಿ. ಹಳದಿ ಲಿಂಬೆಯ ಚಿತ್ರ, ಅದರ ಕೆಳಗೆ ದಪ್ಪ ಕನ್ನಡ ಅಕ್ಷರ.

ಅದೊಂದು ಭಾನುವಾರ. ಸೊಸೆ ದೀಕ್ಷಿತಾ ಮೂಡಬಿದಿರೆಯಲ್ಲಿ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುವವಳು, ಹಬ್ಬದ ವ್ಯಾಪಾರ ಅಂತ ರಜೆಯಿಲ್ಲ. ಅಶೋಕ ಕೆಂಪುಕಲ್ಲಿನ ಲೋಡು ಹಿಡಿದು ಹೋಗಿದ್ದ. ಕಾವೇರಮ್ಮ ಕೊಟ್ಟಿಗೆಯಲ್ಲಿ. ಗೌಡರು ಕೊನೆಯ ಬಕೆಟ್ ಹಾಲು ತಂದಿಟ್ಟು, ಶೆಡ್ಡಿನ ಹೊರಗಿನ ಕಲ್ಲಿನ ಮೇಲೆ ಕೂತು, "ಕುಡೀಲಿಕ್ಕೆ ಎಂತಾದ್ರೂ ತಾ ಮಗಾ" ಅಂದರು. ದಿನಾ ಹೇಳುವ ಮಾತು. ನೀರು ತಾ ಅಂತ ಅರ್ಥ.

ಮಗು ಅವತ್ತು ಅಜ್ಜನಿಗೆ ಒಳ್ಳೆಯದನ್ನೇ ಕೊಡಬೇಕು ಅಂದುಕೊಂಡಿತು. ಶೆಡ್ಡಿನ ಮೋಟುಗೋಡೆಯ ಮೇಲೆ ಬಾಟ್ಲಿ ಇತ್ತು. ಹೊರಗೆ ಏನು, ಲಿಂಬೆ. ಒಳಗೆ ಏನು, ಲಿಂಬೆ. ಶರಬತ್ತು ಮಾಡುವ ಕ್ರಮವನ್ನೂ ಅವಳು ಅಜ್ಜಿಯಿಂದ ನೋಡಿ ಕಲಿತಿದ್ದಳು. ಚೊಂಬಿಗೆ ಸ್ವಲ್ಪ ಹೊಯ್ದು, ಮೇಲಿನಿಂದ ನೀರು ತುಂಬಿಸಿದಳು. ಆ ನೀರೇ ಗೌಡರ ಜೀವ ಉಳಿಸಿದ್ದು ಅಂತ ಮತ್ತೆ ಡಾಕ್ಟರು ಹೇಳಿದರು.

ಗೌಡರಿಗೆ ವಾಸನೆ ಬರಲಿಲ್ಲವಾ ಅಂತ ಎಲ್ಲರೂ ಕೇಳಿದರು. ಹದಿನೈದು ವರ್ಷ ಆ ಶೆಡ್ಡಿನಲ್ಲಿ ನಿಂತ ಮೂಗಿಗೆ ಆ ಹುಳಿ ವಾಸನೆ ಗಾಳಿಯ ಹಾಗೆ. ಚೊಂಬು ತುಟಿಗೆ ತಾಗಿದ್ದರೆ ತುಟಿಯಾದರೂ ಹೇಳುತ್ತಿತ್ತೋ ಏನೋ. ಅವರು ಯಾವತ್ತಿನ ಹಾಗೆ ಒಂದು ಗೇಣು ಎತ್ತರದಿಂದ, ನೇರ ಗಂಟಲಿಗೆ, ಎರಡು ಗುಟುಕು ಸುರಿದುಕೊಂಡರು.

ಕಾವೇರಮ್ಮ ಕೊಟ್ಟಿಗೆಯಿಂದ ಓಡಿ ಬರುವಾಗ ಗೌಡರು ನೆಲದ ಮೇಲೆ. ಮಗು ಚೊಂಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿತ್ತು. ಚೆಲ್ಲಬಾರದು ಅಂತ.

ಆಸ್ಪತ್ರೆಯಲ್ಲಿ ಬಂದವರಿಗೆಲ್ಲ ಒಂದೇ ಪ್ರಶ್ನೆ, ಯಾರು ಕೊಟ್ಟದ್ದು. ಮನೆಗೆ ಬಂದ ಮೇಲೂ ಅದೇ. ಎಳನೀರು, ಮುಸುಂಬಿ ಹಿಡಿದುಕೊಂಡು ಜನ ಬರುವುದು, ಗೌಡರ ಮುಖ ನೋಡಿ ಲೊಚಗುಟ್ಟುವುದು, ಮತ್ತೆ ಸುತ್ತ ನೋಡಿ, "ಇವಳಾ ಕೊಟ್ಟದ್ದು?" ಅಂತ ಕೇಳುವುದು. ಯಾರೂ ಬೈಯಲಿಲ್ಲ. ಪಾಪ, ಮಗು, ಎಂತ ಗೊತ್ತುಂಟು ಅದಕ್ಕೆ, ಅಂತಲೇ ಹೇಳಿದರು. ಆದರೆ ಎಲ್ಲರೂ ಮಗುವಿನ ಮುಖ ನೋಡಿಯೇ ಹೇಳಿದರು.

ಕಾವೇರಮ್ಮ ಮಾಲೆ ತೆಗೆಯಿರಿ ಅಂದ ಆ ದಿನ ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ಹಗ್ಗ ಬಿಚ್ಚಿದೆ. ಕಾಂತಿ ಕ್ಲಿಪ್ಪುಗಳನ್ನು ಬಕೆಟಿಗೆ ಹಾಕುತ್ತಾ, "ಗೋಡೆ ಬೋಳು ಕಾಣ್ತದೆ ಟೀಚರೇ, ತಲೆ ಬೋಳಿಸಿದ ಹಾಗೆ" ಅಂದಳು.

"ಇರ್ಲಿ."

"ಕ್ಲಿಪ್ಪು ನಾನು ಮನೆಗೆ ತಕೊಂಡು ಹೋಗ್ತೇನೆ. ಇಷ್ಟು ದಿನ ನಮ್ಮ ಬಟ್ಟೆ ಎಲ್ಲ ಗಾಳಿಗೆ ಹಾರಿ ಆಚೆಮನೆಯವರಿಗೆ ಸೇರಿತು." ನಾನು ನಗದಿರುವುದನ್ನು ನೋಡಿ ಅವಳು ಹತ್ತಿರ ಬಂದಳು. "ತಪ್ಪು ನಿಮ್ಮದಲ್ಲ ಟೀಚರೇ."

"ಸಾಸಿವೆ ನೋಡಿದವಳು ನಾನು ಕಾಂತಿ. ಅವತ್ತೇ ಹೇಳ್ಬೇಕಿತ್ತು."

"ಯಾವ ಸಾಸಿವೆ?" ಅಂದಳು ಕಾಂತಿ. ನಾನು ಹಗ್ಗ ಸುತ್ತತೊಡಗಿದೆ.

ಮೂರು ಗಂಟೆಗೆ ಇರ್ಷಾದನನ್ನು ಕರೆದುಕೊಂಡು ಹೋಗಲು ಬಂದ ನಫೀಸಮ್ಮ ಬಾಗಿಲಲ್ಲೇ ನಿಂತು ಬಿಟ್ಟರು. "ಎಂತ ಟೀಚರ್, ಅಂಗಡಿ ಬಂದ್ ಮಾಡಿದ್ದಾ?"

"ಬಂದ್ ಮಾಡಿದೆ ನಫೀಸಮ್ಮ."

"ಅಲ್ಲ, ಕೇಳಿ ಇಲ್ಲಿ. ಗೌಡರ ಸುದ್ದಿ ಕೇಳಿದ ದಿನ ನಾನು ನಮ್ಮ ಅಡಿಗೆಮನೆಯ ಡಬ್ಬಿ ಎಲ್ಲ ಕೆಳಗೆ ಇಳಿಸಿದೆ. ನಲ್ವತ್ತೆರಡು ಡಬ್ಬಿ. ಒಳಗಿದ್ದದ್ದೂ ಹೊರಗಿದ್ದದ್ದೂ ಒಂದೇ ಆಗಿದ್ದದ್ದು ಎಷ್ಟರಲ್ಲಿ ಹೇಳಿ? ಮೂರು. ಅದರಲ್ಲಿ ಒಂದು ಒಡೆಯದ ಪ್ಯಾಕೆಟು. ನಮ್ಮವರು ದುಬೈಯಿಂದ ತಂದ ಖರ್ಜೂರದ ಡಬ್ಬಿಯಲ್ಲಿ ಫಿನಾಯಿಲ್ ಮಾತ್ರೆ. ನನ್ನ ಕೈಕಾಲು ತಣ್ಣಗಾಯ್ತು ಮಾರಾಯ್ತಿ. ಈ ಇರ್ಷಾದನಿಗೆ ಖರ್ಜೂರ ಅಂದ್ರೆ ಜೀವ." ಅವರು ಮೊಮ್ಮಗನ ತಲೆ ಸವರಿದರು. "ಡಬ್ಬಿಯಲ್ಲಿ ಚಿತ್ರ ಇರ್ಲಿಲ್ಲ, ಇವನಿಗೆ ಓದ್ಲಿಕ್ಕೆ ಬರುದಿಲ್ಲ, ಹಾಗೆ ಉಳಿದ. ಹಾಗಂತ ಯಾವಾಗ್ಲೂ ಬಾರದೆ ಇರ್ಲಿ ಅಂತ ದುವಾ ಮಾಡ್ಲಿಕ್ಕೆ ಆಗ್ತದಾ?"

ಆ ವಾರವಿಡೀ ವಿಸ್ಮಿತಾ ಒಂದಕ್ಷರವನ್ನೂ ಓದಲಿಲ್ಲ. ಮೊಟ್ಟೆ ತಿಂದಳು, ಪದ್ಯಕ್ಕೆ ತುಟಿ ಆಡಿಸಿದಳು. ತಟ್ಟೆಯ ಮೇಲಿನ ತನ್ನ ಹೆಸರನ್ನು ಅನ್ನ ಹಾಕಿ ಮುಚ್ಚುವವರೆಗೆ ಬೇರೆ ಕಡೆ ನೋಡುತ್ತಿದ್ದಳು. ನೀರಿನ ಮಡಕೆಯ ಮೇಲೆ ನೀರು ಅಂತ ಬರೆದು ಅಂಟಿಸಿದ ಚೀಟಿಯೊಂದನ್ನು ತೆಗೆಯಲು ನಾನು ಮರೆತಿದ್ದೆ. ಅವಳು ಆ ಮಡಕೆಯಿಂದ ನೀರು ಕುಡಿಯಲಿಲ್ಲ. ಬಾಯಾರಿದರೆ ಕಾಂತಿಯ ಸೆರಗು ಹಿಡಿದೆಳೆದು, ಕಾಂತಿ ಕುಡಿದ ಮೇಲೆ ಅದೇ ಲೋಟದಿಂದ ಕುಡಿಯುತ್ತಿದ್ದಳು. ದೀಕ್ಷಿತಾ ಒಂದು ದಿನ ಬಸ್ಸಿಗೆ ಕಾಯುತ್ತಾ ನನ್ನ ಹತ್ತಿರ ಹೇಳಿದಳು, "ಬಸ್ಸು ಬಂದ್ರೆ ಕಣ್ಣು ಮುಚ್ಚಿಕೊಳ್ತಾಳೆ ಟೀಚರ್. ಬೋರ್ಡು ಕಾಣ್ಬಾರ್ದು ಅಂತ. ಜೂನಿಗೆ ಶಾಲೆಗೆ ಹಾಕುವುದು ಹೇಗೆ?" ನನ್ನ ಹೆದರಿಕೆಯೂ ಅದೇ ಆಗಿತ್ತು. ಬೀಳುವ ಮಗು ಎದ್ದು ನಡೆಯುತ್ತದೆ. ತಾನು ನಡೆದದ್ದರಿಂದ ಮನೆ ಬಿತ್ತು ಅಂತ ತಿಳಿದ ಮಗುವನ್ನು ಎಬ್ಬಿಸುವುದು ಹೇಗೆ ಅಂತ ನನಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಶನಿವಾರ ಮಧ್ಯಾಹ್ನ ಬಾಗಿಲು ಹಾಕಿ, ವಿಸ್ಮಿತಾಳ ಕೈ ಹಿಡಿದು, ನಾನೇ ಅವರ ಮನೆಗೆ ಹೋದೆ.

ಗೌಡರು ಜಗಲಿಯಲ್ಲಿ ಕುರ್ಚಿಯಲ್ಲಿ ಕೂತಿದ್ದರು. ಅರ್ಧ ಇಳಿದು ಹೋಗಿದ್ದರು. ಒಂದು ತಿಂಗಳು ಮಾತಾಡಬಾರದು ಅಂತ ಡಾಕ್ಟರ ಅಪ್ಪಣೆ. ಮೊಣಕಾಲಿನ ಮೇಲೆ ಮಗುವಿನ ಹಳೆಯ ಸ್ಲೇಟು. ನಾಲ್ಕನೇ ಕ್ಲಾಸಿಗೆ ಬಿಟ್ಟ ಬಳಪವನ್ನು ಗೌಡರು ಅರುವತ್ತಾರನೇ ವರ್ಷದಲ್ಲಿ ಮತ್ತೆ ಹಿಡಿದಿದ್ದರು. ನನ್ನನ್ನು ಕಂಡು ಸ್ಲೇಟನ್ನು ಮಗುಚಿ ಇಟ್ಟು ಕೈ ಮುಗಿದರು. ವಿಸ್ಮಿತಾ ಅವರನ್ನು ದಾಟಿ ಹೋಗಿ, ಕಂಬದ ಹಿಂದೆ ಕೂತಳು. ಅಲ್ಲಿಂದ ಅಜ್ಜನ ಕಾಲು ಮಾತ್ರ ಕಾಣುತ್ತದೆ.

"ಬಂದ್ರಾ," ಅಂದರು ಕಾವೇರಮ್ಮ. ಕೂರಲು ಹೇಳದೆ ಬಿಡಲಿಲ್ಲ; ಆ ಮನೆಯಲ್ಲಿ ಸಿಟ್ಟಿಗೂ ಒಂದು ಚಾಪೆ ಹಾಕುತ್ತಾರೆ. "ನೋಡಿ ನಮ್ಮ ಅವಸ್ಥೆ. ಇವರಿಗೆ ಮಾತಿಲ್ಲ, ನನಗೆ ಅಕ್ಷರ ಇಲ್ಲ. ಬೆಳಿಗ್ಗೆಯಿಂದ ಇದರಲ್ಲಿ ಬರೀತಾರೆ. ನಾನು ಕೇಳುದು, ಗಂಜಿಯಾ, ಚಾಯವಾ, ಬೆನ್ನು ತುರಿಸ್ಬೇಕಾ, ದನ ಬಿಟ್ಟಿತಾ. ಎಲ್ಲದಕ್ಕೂ ತಲೆ ಆಡಿಸ್ತಾರೆ, ಇಲ್ಲ ಅಂತ. ಸಂಜೆ ದೀಕ್ಷಿತಾ ಬಂದು ಓದ್ಲಿ ಅಂದ್ರೆ, ಅಷ್ಟೊತ್ತಿಗೆ ಉಜ್ಜಿ ಆಗಿರ್ತದೆ. ಇವತ್ತು ಗಂಜಿ ಬೇಡ ಅಂತ ಬರೆದಿದ್ದಾರೆ ಅಂತ ಕಾಣ್ತದೆ. ಎರಡು ಚಮಚ ಕುಡಿದು ಬಿಟ್ರು."

"ನಾನು ಓದ್ತೇನೆ, ಕೊಡಿ," ಅಂದೆ.

ಗೌಡರು ಕೊಡಲು ಒಪ್ಪಲಿಲ್ಲ. ಕಂಬದ ಕಡೆ ನೋಡಿದರು, ನನ್ನ ಕಡೆ ನೋಡಿದರು. ಮತ್ತೆ ಏನು ಅನ್ನಿಸಿತೋ, ಸ್ಲೇಟನ್ನು ನನ್ನ ಕೈಗೆ ಕೊಟ್ಟು ಮುಖ ಅಂಗಳದ ಕಡೆ ತಿರುಗಿಸಿದರು.

ಸೊಟ್ಟ ಅಕ್ಷರ, ಬಹಳ ದೊಡ್ಡದು. ಸಣ್ಣ ಮಕ್ಕಳಿಗೆ ಬರೆಯುವಷ್ಟು ದೊಡ್ಡದು. ಮೊದಲ ಅಕ್ಷರವನ್ನು ಎರಡೆರಡು ಸಲ ತಿದ್ದಿ ದಪ್ಪ ಮಾಡಿದ್ದರು. ಮೊಮ್ಮಗಳು ಬೇರೆ ಏನನ್ನು ಬಿಟ್ಟರೂ ತನ್ನ ಆ ಒಂದು ಅಕ್ಷರವನ್ನು ಬಿಡಲಾರಳು ಅಂತ ಇರಬೇಕು.

"ಎಂತ ಉಂಟು?" ಅಂದರು ಕಾವೇರಮ್ಮ.

"ವಿಸ್ಮಿತಾ ಓದಿದ್ದು ಸರಿ," ಅಂತ ಓದಿದೆ.

"ಎಂತ?"

"ಅಷ್ಟೇ ಬರೆದಿದ್ದಾರೆ ಕಾವೇರಮ್ಮ. ವಿಸ್ಮಿತಾ ಓದಿದ್ದು ಸರಿ."

"ದಿನಾ ಇದೇಯಾ?" ಕಾವೇರಮ್ಮ ಗಂಡನನ್ನು ಕೇಳಿದರು. ಗೌಡರು ಹೌದು ಅಂತ ತಲೆಯಾಡಿಸಿದರು. "ದಿನಾ ಇದನ್ನೇ ಬರೆದು ಅವಳ ಎದುರಿಗೆ ಹಿಡಿದದ್ದಾ? ನಾನು ಬೆನ್ನು ತುರಿಸಿ ತುರಿಸಿ ಇಟ್ಟೆನಲ್ಲ ನಿಮ್ಮದು."

ಯಾರಿಗೂ ನಗು ಬರಲಿಲ್ಲ. ನಾನು ಸ್ಲೇಟನ್ನು ಮಡಿಲಲ್ಲಿ ಇಟ್ಟುಕೊಂಡು, ಹೇಳಲು ಬಂದದ್ದನ್ನು ಹೇಳಿದೆ. ಆಗಸ್ಟಿನ ಸಾಸಿವೆ, ಮಗು ನನ್ನ ಮುಖ ನೋಡಿದ್ದು, ನಾನು ನಕ್ಕು ಎದ್ದು ಹೋದದ್ದು. "ಮಕ್ಕಳಿಗೆ ಹೊರಗಿನದ್ದನ್ನು ಕಲಿಸಿದೆ. ಒಳಗಿನದ್ದನ್ನು ಸರಿ ಮಾಡಿ ಅಂತ ದೊಡ್ಡವರಿಗೆ ಹೇಳ್ಲಿಲ್ಲ. ನೀವು ನನಗೆ ಹೇಳಿದ್ದರಲ್ಲಿ ಸುಳ್ಳಿಲ್ಲ."

ಕಾವೇರಮ್ಮ ತಮ್ಮ ಕೈ ನೋಡಿಕೊಂಡರು. ಆ್ಯಸಿಡ್ ತಾಗಿ ತಾಗಿ ಬೆರಳ ತುದಿಗಳ ಚರ್ಮ ಬಿರಿದಿತ್ತು.

"ಅದೆಲ್ಲ ಬಿಡಿ ಟೀಚರೇ," ಅಂದರು. "ಬಾಟ್ಲಿಗೆ ಹೊಯ್ದದ್ದು ಯಾರು ಅಂತ ಯಾರಾದ್ರೂ ಕೇಳಿದ್ರಾ? ಬಂದವರೆಲ್ಲ ಕೊಟ್ಟದ್ದು ಯಾರು ಅಂತ ಕೇಳಿದ್ರು. ನಾನೂ ಅದಕ್ಕೇ ಉತ್ತರ ಹೇಳಿದೆ. ಹೊಯ್ದದ್ದು ನಾನು. ಚೀಟಿ ಹರಿದು ತೆಗೀಬೇಕು ಅಂತ ನನಗೆ ಹೊಳೀಲೇ ಇಲ್ಲ. ನನಗೆ ಅದು ಚೀಟಿ ಅಲ್ಲ, ಚಂದದ ಚಿತ್ರ. ಲಿಂಬೆ ಚಿತ್ರದ ಬಾಟ್ಲಿ ಅಂದ್ರೆ ಆ್ಯಸಿಡಿನ ಬಾಟ್ಲಿ ಅಂತ ನಾನು ಗುರ್ತ ಇಟ್ಟುಕೊಂಡದ್ದು."

ಅದೇ ಚಿತ್ರವನ್ನು ಅಜ್ಜಿ ಒಂದು ರೀತಿ ಓದಿದ್ದರು, ಮೊಮ್ಮಗಳು ಇನ್ನೊಂದು ರೀತಿ.

"ಅವಳಿಗೆ ಹೇಳಿದ್ದೀರಾ?" ಎಂದು ಕೇಳಿದೆ.

"ಏನಂತ ಹೇಳುದು? ಮಗುವಿನ ಹತ್ತಿರ?"

"ಈಗ ನನಗೆ ಹೇಳಿದ್ರಲ್ಲ. ಅದನ್ನೇ."

ಕಾವೇರಮ್ಮ ಎದ್ದು ಕಂಬದ ಹತ್ತಿರ ಹೋದರು. ಮಂಡಿ ನೋವಿನವರು, ಕಂಬ ಹಿಡಿದು ನಿಧಾನಕ್ಕೆ ಕುಕ್ಕರುಗಾಲಿನಲ್ಲಿ ಕೂತರು. "ಮಗಾ," ಅಂದರು, "ಆ ಬಾಟ್ಲಿಗೆ ಅದನ್ನು ಹೊಯ್ದದ್ದು ಅಜ್ಜಿ. ನೀನಲ್ಲ. ಅಜ್ಜಿಗೆ ಓದ್ಲಿಕ್ಕೆ ಬರುದಿಲ್ಲ, ಹಾಗೆ ಆಯ್ತು. ನಿನಗೆ ಬರ್ತದೆ. ನೀನು ಓದಿದ್ದು ಸರಿ. ಅಜ್ಜನೂ ಅದನ್ನೇ ಬರೆದಿದ್ದಾರೆ, ಕೇಳಿತಲ್ಲ?"

ಒಂದು ಕೋಳಿ ಜಗಲಿ ಹತ್ತಿ, ನಮ್ಮನ್ನೆಲ್ಲ ನೋಡಿ, ಇಳಿದು ಹೋಯಿತು.

ಕಂಬದ ಹಿಂದಿನಿಂದ ಸಣ್ಣ ಧ್ವನಿ. "ಸಾಸಿವೆ?"

"ಅದನ್ನೂ ಹೊಯ್ದದ್ದು ಅಜ್ಜಿಯೇ," ಅಂದರು ಕಾವೇರಮ್ಮ. "ಎಲ್ಲ ತೆಗೀತೇನೆ. ನಾಳೆ ಟೀಚರ್ ಬಂದು ಚೀಟಿ ಬರೆದು ಕೊಡ್ಲಿ. ಅಕ್ಷರ ನೀನು ನೋಡಿ ಹೇಳು, ನಾನು ಅಂಟಿಸ್ತೇನೆ. ಆಗ್ಬಹುದಾ?"

ಗೌಡರು ನನ್ನ ಮಡಿಲಿನಿಂದ ಸ್ಲೇಟು ತೆಗೆದುಕೊಂಡು, ಅಂಗೈಯಿಂದ ಉಜ್ಜಿ, ಹೊಸತಾಗಿ ಬರೆಯತೊಡಗಿದರು. ಬಳಪ ಕಿರುಗುಟ್ಟಿತು. ಎರಡೇ ಅಕ್ಷರ. ಬರೆದು, ಕೈ ಚಾಚಿ, ಕಂಬದ ಕಡೆಗೆ ಹಿಡಿದರು. ನೀರು.

"ನಾನು ತರ್ತೇನೆ," ಅಂತ ಏಳಲು ಹೊರಟ ಕಾವೇರಮ್ಮನ ಹೆಗಲನ್ನು ನಾನು ಮೆಲ್ಲಗೆ ಒತ್ತಿದೆ.

"ಇವರು ಎತ್ತಿ ಕುಡಿಯಬಾರ್ದು ಟೀಚರೇ, ಚಮಚದಲ್ಲಿ ಕೊಡ್ಬೇಕು," ಅಂದರು ಅವರು.

"ಇರ್ಲಿ. ಸ್ವಲ್ಪ ನೋಡುವ," ಅಂದೆ.

ವಿಸ್ಮಿತಾ ಕಂಬದ ಹಿಂದಿನಿಂದ ತಲೆ ಹೊರಗೆ ಹಾಕಿದಳು. ಸ್ಲೇಟನ್ನು ನೋಡಿದಳು. ಎದ್ದು ಒಳಗೆ ಹೋದಳು. ಒಳಗಿನಿಂದ ಮಡಕೆಯ ಮುಚ್ಚಳದ ಸದ್ದು ಕೇಳಿಸಿತು. ಎರಡೂ ಕೈಯಲ್ಲಿ ಒಂದು ಸ್ಟೀಲ್ ಲೋಟ ಹಿಡಿದು, ಹೆಜ್ಜೆ ನೋಡಿ ನೋಡಿ ಇಡುತ್ತಾ ಬಂದು, ಅಜ್ಜನ ಎದುರಿಗೆ ನಿಂತಳು. ಕೊಡಲಿಲ್ಲ. ಲೋಟವನ್ನು ತನ್ನ ಬಾಯಿಗೆ ಇಟ್ಟು ಒಂದು ಗುಟುಕು ಕುಡಿದಳು. ನುಂಗಿ, ಸ್ವಲ್ಪ ಹೊತ್ತು ಹಾಗೆಯೇ ನಿಂತು ಕಾದಳು. ಏನೂ ಆಗಲಿಲ್ಲ ಅಂತ ಗೊತ್ತಾದ ಮೇಲೆ ಲೋಟವನ್ನು ಅಜ್ಜನ ಕಡೆ ಚಾಚಿದಳು.

ಗೌಡರು ಅದನ್ನು ತೆಗೆದುಕೊಂಡು, ಮೊಮ್ಮಗಳ ತುಟಿ ತಾಗಿದ ಕಡೆಗೇ ತಮ್ಮ ತುಟಿ ಇಟ್ಟು, ಸ್ವಲ್ಪ ಸ್ವಲ್ಪವಾಗಿ ಕುಡಿದರು.